ಸುಟ್ಟ ರೆಸಿಸ್ಟರ್ ಜಾಗಕ್ಕ ಏನ್ ಹಾಕಿದೆ

ನಮ್ಮ ಬೆಟಗೇರಿ ಓಣಿ ಗುಡಿಯ ಭಜನಿ ಆಂಪ್ಲಿಫೈಯರ್ ಸರಿಯಾಗಿ ಶ್ರಾವಣದಾಗ ಕೈ ಕೊಟ್ತು. ಎಡಗಡೆ ಸ್ಪೀಕರ್ ಗುಂಯ್ ಅಂದು ಫ್ಯೂಸ್ ಹೋತಂತ. ಕಾಕಾ ತಂದಿಟ್ಟು "ತಮ್ಮಾ, ಸೋಮವಾರದೊಳಗ ಮಾಡಿಕೊಡಪಾ" ಅಂದ್ರು.

ಬಿಚ್ಚಿ ನೋಡ್ದೆ. ಒಂದೊಂದು ಚಾನೆಲ್‌ಗೆ 5200, 1943 ಅನ್ನೋ ಪವರ್ ಟ್ರಾನ್ಸಿಸ್ಟರ್ ಜೋಡಿ ಎರಡೆರಡು, ಪ್ರತಿಯೊಂದರ ಎಮಿಟರ್ ಅನ್ನೋ ಕಾಲಿಗೂ ಬಿಳಿ ಸಿಮೆಂಟ್ ರೆಸಿಸ್ಟರ್, 0.22 ಓಮ್ 5 ವ್ಯಾಟ್. ಎಡಗಡೆ ಒಂದು 5200 ಶಾರ್ಟ್, ಅದರ ಎಮಿಟರಿನ್ಯಾಗ ನೋಡಿದ್ರ ರೆಸಿಸ್ಟರೇ ಇಲ್ಲ, ಹಿಂದ ಯಾರೋ ರಿಪೇರಿ ಮಾಡಿದವ್ರು ತಂತಿ ತುಂಡು ಬೆಸುಗೆ ಹಾಕಿ ಬಿಟ್ಟಾರ! 0.22 ಅಂದ್ರ ಇದ್ದೂ ಇಲ್ಲದಂಗ ಅನ್ಕೊಂಡಿರಬೇಕು, ಆದ್ರ ಜೋಡಿ ಟ್ರಾನ್ಸಿಸ್ಟರ್‌ಗೆ ಕರೆಂಟ್ ಸಮ ಹಂಚೋದೇ ಅದರ ಕೆಲಸ ರೀ, ತಂತಿ ಇದ್ದವನ ಮ್ಯಾಲ ಪೂರಾ ಭಾರ ಬಿದ್ದು ಅವನೇ ಹೋದ.

ಅಂಗಡಿಯಾಗ 0.22 ಇರಲಿಲ್ಲ, "0.33 ಹಾಕ್ರಿ, ಏನೂ ಆಗಂಗಿಲ್ಲ" ಅಂದ್ರು. ಬಾಜೂಕಿನದು 0.22 ಇದ್ದಾಗ ಇದಕ್ಕ 0.33 ಹಾಕಿದ್ರ ಮತ್ತ ಅದೇ ರಾಮಾಯಣ. ಇದೊಂದಕ್ಕ ಹುಬ್ಬಳ್ಳಿಗೆ ಯಾರ್ ಹೋಗ್ತಾರ ಅಂತ 0.47 ಎರಡು ತಂದು ಪ್ಯಾರಲಲ್ ಹಾಕ್ದೆ, 0.235 ಆತು. ಮೀಟರ್ ಮಾತು ಇಲ್ಲಿ ನಂಬಬ್ಯಾಡ್ರಿ, ನನ್ನ ಮೀಟರ್ ವೈರ್ ಎರಡೂ ಮುಟ್ಟಿಸಿದ್ರನ 0.4 ತೋರಸ್ತೈತಿ. ಅದಕ್ಕ ರೆಸಿಸ್ಟರಿಗೆ ಬೈಕ್ ಬಲ್ಬ್ ಸೀರೀಸ್ ಹಾಕಿ 12 ವೋಲ್ಟ್ ಕೊಟ್ಟೆ, 0.8 ಆಂಪ್ ಹರೀತು, ಹಳೇ 0.22 ಮ್ಯಾಲ 180 ಮಿಲಿವೋಲ್ಟ್, ನನ್ನ ಜೋಡಿ ಮ್ಯಾಲ 190. ನಡೀತದ.

ಡ್ರೈವರ್ (ದೊಡ್ಡ ಟ್ರಾನ್ಸಿಸ್ಟರ್ ನಡಸೋ ಸಣ್ಣ ಟ್ರಾನ್ಸಿಸ್ಟರ್) ಹತ್ರ ಸಣ್ಣ ರೆಸಿಸ್ಟರೊಂದು ಇದ್ದಿಲಾಗಿ ಬಣ್ಣದ ಪಟ್ಟಿ ಒಂದೂ ಕಾಣ್ತಿರಲಿಲ್ಲ. ಬಲಗಡೆ ಚಾನೆಲ್ ಇರೋದು ಯಾತಕ್ಕ? ಅದೇ ಜಾಗದಾಗ ಕಂದು-ಕಪ್ಪು-ಕಂದು-ಬಂಗಾರ, ಅಂದ್ರ 100 ಓಮ್. ಬೋರ್ಡಿನ್ಯಾಗ ಇಟ್ಟೇ ಅಳದ್ರ 92 ಬಂತು, ಒಂದು ಕಾಲು ಎತ್ತಿದ ಮ್ಯಾಲ ಸರಿ ತೋರಿಸ್ತು. ಮೆಟಲ್ ಫಿಲ್ಮ್ ಹಾಕ್ದೆ, ವ್ಯಾಟ್ ಮಾತ್ರ ಇದ್ದಷ್ಟೇ.

ವ್ಯಾಟ್ ದೊಡ್ಡದು ಹಾಕಿದ್ರ ಗಟ್ಟಿ ಅಂತ ನಾನೂ ಅನ್ಕೋತಿದ್ದೆ. ನಮ್ಮ ಮನೀ ಆಂಪ್ಲಿಫೈಯರಿನ್ಯಾಗ ಸಪ್ಲೈ ಲೈನಿನ 10 ಓಮ್ ಫ್ಯೂಸಿಬಲ್ (ಕರೆಂಟ್ ಹೆಚ್ಚಾದ್ರ ಫ್ಯೂಸಿನಂಗ ತಾನೇ ಸುಟ್ಟು ಹೋಗೋ ರೆಸಿಸ್ಟರ್) ತಗದು 2 ವ್ಯಾಟಿಂದು ಸಾದಾ ರೆಸಿಸ್ಟರ್ ಹಾಕಿದ್ದೆ, ಮುಂದ ಒಂದಿನ ಶಾರ್ಟ್ ಆದಾಗ ಅದು ಕಲ್ಲಿನಂಗ ಕುಂತು ಬೋರ್ಡಿನ ಟ್ರ್ಯಾಕೇ ಎದ್ದು ಬಂತು. ಸಾಯಬೇಕಾದ್ದು ಅದು, ಸತ್ತಿದ್ದು ಟ್ರ್ಯಾಕು! ಔಟ್‌ಪುಟ್ ಕಡೆ 0.1 ಮೈಕ್ರೋ ಕೆಪಾಸಿಟರ್ ಜೋಡಿ ಇರೋ 10 ಓಮ್‌ಗೂ ಸಿಮೆಂಟಿಂದು ಬ್ಯಾಡ, ಒಳಗ ತಂತಿ ಸುತ್ತಿರ್ತೈತಿ, ಹೈ ಫ್ರೀಕ್ವೆನ್ಸಿಗೆ ಕಾಯಿಲ್ ಆಗಿಬಿಡ್ತೈತಿ.

ಸಿಮೆಂಟಿನವನ್ನ ಬೋರ್ಡಿಂದ ಎತ್ತರಿಸಿ ಕೂಡ್ರಿಸಿ, ಎಡಗಡೆ ನಾಕೂ ಟ್ರಾನ್ಸಿಸ್ಟರ್ ಹೊಸಾವು ಹಾಕಿ, 60 ವ್ಯಾಟ್ ಬಲ್ಬ್ ಸೀರೀಸಿನ್ಯಾಗ ಚಾಲೂ ಮಾಡ್ದೆ. ಬಲ್ಬ್ ಪಳಕ್ ಅಂದು ಮಂದ ಆತು, ಅಂದ್ರ ಒಳಗ ಶಾರ್ಟ್ ಇಲ್ಲ. ಆಮ್ಯಾಲ ನೇರ ಕರೆಂಟಿಗೆ ಕೊಟ್ಟು ತಾಸೊತ್ತು ಬಿಟ್ಟು ಎಮಿಟರ್ ರೆಸಿಸ್ಟರ್ ಮ್ಯಾಲ ಅಳದೆ, ಒಂದ್ರ ಮ್ಯಾಲ 10 ಮಿಲಿವೋಲ್ಟ್, ಬಾಜೂಕಿಂದ್ರ ಮ್ಯಾಲ 9, ಅಂದ್ರ ಕರೆಂಟ್ ಹೆಚ್ಚುಕಡಿಮಿ ಸಮ ಹಂಚೇತಿ. ಬಲಗಡೆ ಸಿಮೆಂಟ್ ರೆಸಿಸ್ಟರ್ ಬುಡಕ್ಕೂ ಬೋರ್ಡ್ ಕಪ್ಪಗಾಗೇತಿ, ಅದನ್ನ ದೀಪಾವಳಿ ಆದಮ್ಯಾಲ ಬಿಚ್ಚತೀನಿ ಅಂತ ಕಾಕಾಗ ಹೇಳೀನಿ.