ರಸ್ತೆಯಿಲ್ಲದ ಗುಡ್ಡದಿಂದ ಹೆಲಿಕಾಪ್ಟರ್‌ನಲ್ಲಿ ನಾಟಾ ಇಳಿಸುವುದು ಹೇಗೆ?

ನಮ್ಮ ದುಬಾರೆ, ಕಾಕನಕೋಟೆ ಕಡೆ ಒಂದು ಕಾಲಕ್ಕೆ ಕಾಡಿನಿಂದ ನಾಟಾ ಎಳೆದು ತರುತ್ತಿದ್ದದ್ದು ಆನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಆನೆಯೂ ಹತ್ತಲಾಗದ ಗುಡ್ಡಗಳಿವೆ. ಸಮುದ್ರದ ಅಂಚಿನಿಂದಲೇ ಗೋಡೆ ಹಾಗೆ ಎದ್ದು ನಿಂತಿವೆ. ಅಂಥ ಕಡೆ ರಸ್ತೆ ಕಡಿದರೆ ಮಳೆಗಾಲದಲ್ಲಿ ಮಣ್ಣು ಜಾರುವ ಭಯ. ಅಲ್ಲಿನ ಕೆಂಪು ಸೀಡರ್, ಸಿಟ್ಕಾ ಸ್ಪ್ರೂಸ್ ಮರಗಳಿಗೋ ನೂರಾರು ವರ್ಷ ವಯಸ್ಸು. ಕೆಲವು ಸೀಡರ್‌ಗಳು ಸಾವಿರ ದಾಟಿವೆ. ಇವನ್ನು ಕೆಳಗಿಳಿಸುವುದು ಹೆಲಿಕಾಪ್ಟರ್.

ತೂಕದ ಲೆಕ್ಕ

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಕೆ-ಮ್ಯಾಕ್ಸ್ ಎಂಬ ಒಂದೇ ಸೀಟಿನ ಹೆಲಿಕಾಪ್ಟರ್ ಸುಮಾರು 2.7 ಟನ್ ಎತ್ತುತ್ತದೆ. ಎಸ್-64 ಸ್ಕೈಕ್ರೇನ್‌ಗೆ 9 ಟನ್, ಅದರ ದೊಡ್ಡ ಮಾದರಿಗೆ 11 ಟನ್ ತಾಕತ್ತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಗೆ ಸಾಮಾನು ಹೊತ್ತದ್ದು ಇದರದೇ ಸೇನಾ ಮಾದರಿ.

ಈಗ ಒಂದು ಲೆಕ್ಕ ಮಾಡಿ. ಒಂದು ಮೀಟರ್ ದಪ್ಪ, ಹತ್ತು ಮೀಟರ್ ಉದ್ದದ ದಿಮ್ಮಿ. ಹಸಿ ಮರ ಘನ ಮೀಟರಿಗೆ 500 ಕಿಲೋ ಅಂತ ಇಟ್ಟುಕೊಂಡರೂ ಹತ್ತಿರ ಹತ್ತಿರ 4 ಟನ್ ಆಯಿತು. ದಪ್ಪ ಎರಡು ಮೀಟರ್ ಆದರೆ? 8 ಅಲ್ಲ, 16 ಟನ್! ಸ್ಕೈಕ್ರೇನ್ ಕೂಡ ಎತ್ತಲಾರದು. ಹಾಗಾಗಿ ಎಲ್ಲಿ ತುಂಡು ಮಾಡಬೇಕು ಎಂಬುದನ್ನು ಗರಗಸ ಹಿಡಿದವರು ಟೇಪು ಹಿಡಿದು, ತೂಕ ನೋಡಿಯೇ ತೀರ್ಮಾನಿಸುತ್ತಾರೆ.

ಕಡಿಯುವುದು

ಮರವನ್ನು ಇಳಿಜಾರಿನ ಕಡೆಗೆ ಬೀಳಿಸುವಂತಿಲ್ಲ. ಅಷ್ಟು ಎತ್ತರದಿಂದ ಬಿದ್ದರೆ ಸೀಡರ್ ಸೀಳಿಹೋಗುತ್ತದೆ. ಅದಕ್ಕೇ ಅಡ್ಡಕ್ಕೆ ಅಥವಾ ಮೇಲಕ್ಕೆ ಬೀಳುವಂತೆ ಕಚ್ಚು ಹಾಕುತ್ತಾರೆ. ಆಮೇಲೆ ರೆಂಬೆ ಸವರುತ್ತಾರೆ.

ಇನ್ನೊಂದು ವಿಧಾನವೂ ಇದೆ. ಅದರಲ್ಲಿ ಮರ ನೆಲಕ್ಕೆ ಬೀಳುವುದೇ ಇಲ್ಲ. ಒಬ್ಬರು ಮರ ಹತ್ತಿ ರೆಂಬೆಗಳನ್ನೂ ತುದಿಯನ್ನೂ ತೆಗೆಯುತ್ತಾರೆ. ಆಮೇಲೆ ಬುಡವನ್ನು ಹೆಚ್ಚುಕಮ್ಮಿ ಪೂರ್ತಿ ಕೊಯ್ದು, ಸ್ವಲ್ಪವೇ ಹಿಡಿತ ಉಳಿಸಿ, ಜನರೆಲ್ಲ ದೂರ ಹೋಗುತ್ತಾರೆ. ಹೆಲಿಕಾಪ್ಟರ್ ಬಂದು ಉಕ್ಕಿನ ಪಂಜದಿಂದ ಮೇಲಿನ ತುದಿ ಹಿಡಿದು, ಉಳಿದ ಹಿಡಿತವನ್ನು ಮುರಿದು, ನಿಂತ ಕಾಂಡವನ್ನು ನಿಂತ ಹಾಗೇ ಎತ್ತಿಕೊಂಡು ಹೋಗುತ್ತದೆ.

ಕುಣಿಕೆ, ಕೊಕ್ಕೆ

ಬಿದ್ದ ದಿಮ್ಮಿಗಳಿಗೆ ಉಕ್ಕಿನ ಹಗ್ಗದ ಕುಣಿಕೆಯನ್ನು ಮೊದಲೇ ಬಿಗಿದಿಡುತ್ತಾರೆ. ದೊಡ್ಡದೊಂದು, ಚಿಕ್ಕವೆರಡು, ಹೀಗೆ ಸೇರಿಸಿ ಒಂದು ಲೋಡಿನ ತೂಕ ಹೊಂದಿಸುತ್ತಾರೆ. ಇಂಧನ ತುಂಬಿಸಿಕೊಂಡ ತಕ್ಷಣದ ಟ್ರಿಪ್‌ಗೆ ಹಗುರ ಲೋಡು. ಇಂಧನ ಖಾಲಿಯಾಗುತ್ತ ಬಂದ ಹಾಗೆ ಭಾರದ್ದು.

ಕೊಕ್ಕೆ ಇಳಿಯುವುದು 60ರಿಂದ 90 ಮೀಟರ್ ಉದ್ದದ ಹಗ್ಗದ ತುದಿಯಲ್ಲಿ. ಪೈಲಟ್ ಪಕ್ಕದ ಉಬ್ಬುಗಾಜಿನ ಕಿಟಕಿಯಿಂದ ಬಾಗಿ ನೇರ ಕೆಳಗೆ ನೋಡುತ್ತ, ಅದನ್ನು ಕೆಳಗಿರುವವರ ಕೈಗೇ ತಂದು ಕೊಡಬೇಕು. ಹಗ್ಗ ಎಷ್ಟೇ ಉದ್ದ ಇದ್ದರೂ ರೆಕ್ಕೆಗಳ ಗಾಳಿ ಕೆಳಗೆ ಬಡಿಯುತ್ತದೆ. ಮೇಲೆ ಸಿಕ್ಕಿಕೊಂಡಿದ್ದ ಒಣ ರೆಂಬೆ ಆಗ ಬೀಳಬಹುದು. ಕೆಳಗಿನವರ ತಲೆ ಮೇಲೆ ಗಲ್ಲದ ಪಟ್ಟಿ ಬಿಗಿದ ಹೆಲ್ಮೆಟ್, ಮೈಮೇಲೆ ಕಣ್ಣಿಗೆ ಹೊಡೆಯುವ ಬಣ್ಣದ ಜಾಕೆಟ್. ಕೊಕ್ಕೆ ಸಿಕ್ಕಿಸಿ, ರೇಡಿಯೊದಲ್ಲಿ ಹೇಳಿ, ಓಡಿ ಪಕ್ಕಕ್ಕೆ ನಿಲ್ಲುತ್ತಾರೆ. ಭಾರ ಜಾಸ್ತಿ ಅನ್ನಿಸಿದರೆ ಪೈಲಟ್ ಗುಂಡಿ ಒತ್ತಿ ಲೋಡನ್ನೇ ಬಿಟ್ಟುಬಿಡಬಹುದು.

ಇಳಿಸುವುದು

ಬಯಲಲ್ಲೋ, ಸಮುದ್ರದ ಕೊಲ್ಲಿಯ ನೀರಲ್ಲೋ ಬಿಡುತ್ತಾರೆ. ನೀರಿಗೆ ಬಿದ್ದದ್ದನ್ನು ದೋಣಿಗಳು ಒಟ್ಟುಮಾಡುತ್ತವೆ. ಒಂದು ಸುತ್ತಿಗೆ ಎರಡು ಮೂರು ನಿಮಿಷ, ಅಷ್ಟೇ.

ಮರ ಆರಿಸುವುದು

ನಿಜವಾಗಿ ಇದು ಮೊದಲ ಹಂತ. ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಹೆಲಿಕಾಪ್ಟರ್ ಖರ್ಚು ವಿಪರೀತ. ಸಾಧಾರಣ ಮರ ತಂದರೆ ಗಿಟ್ಟುವುದಿಲ್ಲ. ಹಾಗಾಗಿ ನೆಟ್ಟಗೆ ಬೆಳೆದ, ಗಟ್ಟಿಯಾದ, ಹಳೆಯ ಮರದ ಮೇಲೇ ಕಣ್ಣು. ರಸ್ತೆ ಬೇಡವಾದ್ದರಿಂದ ಮಣ್ಣಿಗೆ ಹಾನಿ ಕಡಿಮೆ, ನಿಜ. ಆದರೆ ಇಷ್ಟು ವರ್ಷ ಈ ಮರಗಳನ್ನು ಕಾಯ್ದದ್ದೇ ಆ ಇಳಿಜಾರು, ಅಲ್ವಾ? ನನಗೆ ಸಂಕಟವಾಗುವುದು ಇಲ್ಲಿ. ಹಳೆಯ ಕಾಡು ಉಳಿಸಿ ಅಂತ ವ್ಯಾಂಕೂವರ್ ದ್ವೀಪದ ಕ್ಲೇಯೊಕ್ವಟ್‌ನಲ್ಲಿ 1993ರಲ್ಲಿ 800ಕ್ಕೂ ಹೆಚ್ಚು ಜನ ಬಂಧನಕ್ಕೆ ಒಳಗಾದರು. ಅದೇ ದ್ವೀಪದ ಫೇರಿ ಕ್ರೀಕ್ ಹೋರಾಟದಲ್ಲಿ 1,100ಕ್ಕೂ ಹೆಚ್ಚು ಬಂಧನಗಳಾದವು.

ಬೊಡ್ಡೆ ಟೊಳ್ಳಾದ ಸೀಡರ್ ಎಷ್ಟೋ ಸಲ ಯಾರಿಗೂ ಬೇಡವಾಗಿ ಗುಡ್ಡದಲ್ಲೇ ಉಳಿಯುತ್ತದೆ. ಚಳಿಗಾಲದಲ್ಲಿ ಕಪ್ಪು ಕರಡಿಗಳು ಮಲಗುವುದು ಅಂಥ ಪೊಟರೆಗಳಲ್ಲಿ.