ಮರ್ಯಾದೆಯ ಉಡುಪು: ಕ್ರೈಸ್ತರು ಬಟ್ಟೆ ಆರಿಸುವಾಗ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು

ಬಟ್ಟೆಯ ಮರ್ಯಾದೆ ಎಂದ ಕೂಡಲೇ ಹೆಚ್ಚಿನವರು ಟೇಪು ಹಿಡಿಯುತ್ತಾರೆ. ಅಂಚು ಎಲ್ಲಿಗೆ ಬಂತು, ತೋಳು ಎಷ್ಟುದ್ದ, ಕತ್ತು ಎಷ್ಟು ಆಳ. ಆದರೆ ಈ ಚರ್ಚೆಯಲ್ಲಿ ಎಲ್ಲರೂ ಎತ್ತುವ 1 ತಿಮೊಥೆಯ 2:9-10ನ್ನು ತೆರೆದು ಓದಿ. ಪೌಲ ಅಲ್ಲಿ ಹೆಸರು ಹಿಡಿದು ಹೇಳುವುದು ಹೆಣೆದ ಕೂದಲು, ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆ. ಮೊಣಕಾಲಿನ ಸುದ್ದಿಯೇ ಇಲ್ಲ. 1 ಪೇತ್ರ 3:3-4ರ ಪಟ್ಟಿಯೂ ಹೆಚ್ಚುಕಡಿಮೆ ಅದೇ. ಯಾಕೋಬ 2:2-4ರಲ್ಲಿ ಸಿಕ್ಕಿಬೀಳುವುದು ಚಿನ್ನದ ಉಂಗುರ ತೊಟ್ಟು ಸಭೆಗೆ ಬಂದ ಗಂಡಸು ಮತ್ತು ಅವನಿಗೆ ಒಳ್ಳೆಯ ಜಾಗ ಕೊಟ್ಟು ಬಡವನನ್ನು ಕಾಲ ಬಳಿ ಕೂರಿಸಿದವರು. ಹಾಗಾಗಿ ಮೊದಲು ನೋಡಬೇಕಾದದ್ದು ಆಡಂಬರ, ಆಮೇಲೆ ಅಳತೆ. ಈ ಕ್ರಮ ತಲೆಕೆಳಗಾದರೆ ಮೈತುಂಬಾ ಮುಚ್ಚಿದ ದುಬಾರಿ ಉಡುಪು ಸಲೀಸಾಗಿ ಪಾಸಾಗುತ್ತದೆ, ಗಿಡ್ಡವಾದ ಹಳೆಯ ಫ್ರಾಕು ತೊಟ್ಟ ಬಡ ಹುಡುಗಿ ಎಲ್ಲರ ಕಣ್ಣಿಗೆ ಬೀಳುತ್ತಾಳೆ.

ಕೊಳ್ಳುವ ಮುನ್ನ

ವರ್ಷದ ಬಟ್ಟೆ ಖರ್ಚಿಗೆ ಒಂದು ಮಿತಿ ಹಾಕಿ ಬರೆದಿಡಿ. ಹೊಸದನ್ನು ಕೊಳ್ಳಬೇಕು ಅನ್ನಿಸಿದಾಗ ಅದೇ ಕೆಲಸಕ್ಕೆ ಆಗುವ ಬಟ್ಟೆ ಕಪಾಟಿನಲ್ಲಿ ಇದೆಯೇ ನೋಡಿ, ಒಂದು ವಾರ ಬಿಟ್ಟು ತೀರ್ಮಾನಿಸಿ. ಬ್ರ್ಯಾಂಡಿನ ಗುರುತು ಕಾಣದೇ ಇದ್ದರೂ ಇಷ್ಟೇ ಹಣ ಕೊಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲ ಎಂಬ ಉತ್ತರ ಬಂದರೆ ಹೆಚ್ಚಿನ ಹಣ ಹೋಗುತ್ತಿರುವುದು ಪ್ರದರ್ಶನಕ್ಕೆ. ಹಾಗೆಂದು ಅಗ್ಗದ್ದೇ ಸರಳ ಎಂದುಕೊಳ್ಳಬೇಡಿ. ಆರು ವರ್ಷ ಬಾಳುವ ಒಂದು ಗಟ್ಟಿ ಕೋಟು, ಆರು ತಿಂಗಳಿಗೊಮ್ಮೆ ಬಿಸಾಡುವ ಕೋಟುಗಳ ಸಾಲಿಗಿಂತ ಎಷ್ಟೋ ವಾಸಿ. ಹದಿನೆಂಟನೆಯ ಶತಮಾನದಲ್ಲಿ ಮೆಥೋಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ಉಡುಪಿನ ಬಗ್ಗೆ ಬೋಧಿಸಿದಾಗ ಒತ್ತಿ ಹೇಳಿದ್ದೂ ಇದನ್ನೇ: ಅನಗತ್ಯ ಬಟ್ಟೆಗೆ ಸುರಿದ ಹಣ ಬಡವರಿಂದ ಕಿತ್ತುಕೊಂಡದ್ದು. ಮಿತಿಯಲ್ಲಿ ಉಳಿದದ್ದನ್ನು ಬಟ್ಟೆ ಇಲ್ಲದವರಿಗೇ ಕೊಟ್ಟುಬಿಡಿ.

ಇದರ ಇನ್ನೊಂದು ತುದಿಯೂ ಇದೆ. ಭಕ್ತಿ ತೋರಿಸಲು ತಲೆ ಬಾಚದೆ, ಇಸ್ತ್ರಿ ಮಾಡದೆ ಓಡಾಡುವುದೂ ಆಡಂಬರವೇ. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿರಿ ಎಂದು ಯೇಸು ಹೇಳಿದ್ದು (ಮತ್ತಾಯ 6:16-18) ಇಂಥವರಿಗೇ.

ಕನ್ನಡಿ ಮುಂದೆ

ಹೆಚ್ಚಿನವರು ಎಡವುವುದು ಇಲ್ಲಿ: ನೆಟ್ಟಗೆ ನಿಂತು ನೋಡಿಕೊಂಡು ಹೊರಟುಬಿಡುತ್ತಾರೆ. ಆರಾಧನೆಯಲ್ಲಿ ಕೂರುತ್ತೇವೆ, ಮೊಣಕಾಲೂರುತ್ತೇವೆ, ಕೈ ಎತ್ತುತ್ತೇವೆ, ಮಗುವನ್ನು ಎತ್ತಿಕೊಳ್ಳಲು ಬಾಗುತ್ತೇವೆ. ಅದನ್ನೆಲ್ಲ ಮನೆಯಲ್ಲೇ ಮಾಡಿ ನೋಡಿ. ಗಂಡಸರೂ.

ಕೂತಾಗ ಸ್ಕರ್ಟಿನ ಅಂಚು ಸಾಮಾನ್ಯವಾಗಿ 5ರಿಂದ 8 ಸೆಂ.ಮೀ. ಮೇಲೇರುತ್ತದೆ. ಬಿಗಿಯಾದದ್ದು ಇನ್ನೂ ಹೆಚ್ಚು, ಏಕೆಂದರೆ ತೊಡೆಯ ಸುತ್ತಳತೆಗೆ ಬೇಕಾದ ಬಟ್ಟೆಯನ್ನು ಅದು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಕೂತಾಗಲೂ ಮೊಣಕಾಲು ಮುಚ್ಚಬೇಕಿದ್ದರೆ, ನಿಂತಾಗ ಅಂಚು ಮೊಣಕಾಲಿಗಿಂತ 10 ಸೆಂ.ಮೀ. ಕೆಳಗಿರಲಿ. ಎರಡೂ ಕೈ ಮೇಲೆತ್ತಿ: ಕಂಕುಳ ಭಾಗ ತೀರ ಕೆಳಗೆ ಕತ್ತರಿಸಿದ ಅಂಗಿ ಇಡಿಯಾಗಿ ಮೇಲೆ ಬರುತ್ತದೆ, ಆಗ ಸೊಂಟ ಕಾಣುತ್ತದೆ. ಅಂಗಿ ಸೊಂಟಪಟ್ಟಿಯಿಂದ ಕನಿಷ್ಠ 12 ಸೆಂ.ಮೀ. ಕೆಳಗಿಳಿದಿದ್ದರೆ ಚಿಂತೆಯಿಲ್ಲ. ಮುಂದೆ ಬಾಗಿ: ಕತ್ತಿನ ಭಾಗ ತೆರೆದುಕೊಂಡರೆ ಭುಜದ ಹೊಲಿಗೆಯನ್ನು ಒಂದು ಸೆಂ.ಮೀ. ಒಳಗೆ ಹಿಡಿಸಿ, ಸಾಲದಿದ್ದರೆ ಒಳಗೊಂದು ಬನಿಯನ್ ಹಾಕಿ. ಪ್ಯಾಂಟ್ ತೊಟ್ಟವರು ಕುಕ್ಕರಗಾಲಿನಲ್ಲಿ ಕೂತು ಬೆನ್ನ ಹಿಂದೆ ಕೈಯಾಡಿಸಿ, ಸೊಂಟ ಕಾಣುತ್ತಿದೆಯೇ ನೋಡಿಕೊಳ್ಳಿ.

ಕೊನೆಯದಾಗಿ ಬೆಳಕು. ಹಗಲಲ್ಲಿ ಕಿಟಕಿಗೆ ಬೆನ್ನು ಮಾಡಿ ನಿಂತು ಮನೆಯವರೊಬ್ಬರಿಗೆ ನೋಡಲು ಹೇಳಿ. ಬಿಳಿ ಬಟ್ಟೆಯ ಒಳಗೆ ಬಿಳಿ ಒಳಉಡುಪು ಎದ್ದು ಕಾಣುತ್ತದೆ, ಮೈಬಣ್ಣದ್ದು ಕಾಣುವುದಿಲ್ಲ. ಶರ್ಟಿನ ಗುಂಡಿಗಳ ನಡುವೆ ಬಿರುಕು ಬಿಡುತ್ತಿದ್ದರೆ ಎರಡು ಗುಂಡಿಗಳ ಮಧ್ಯೆ ಒಳಗಿನಿಂದ ಒಂದು ಪ್ರೆಸ್ ಬಟನ್ ಹೊಲಿದರೆ ಸಾಕು.

ಇರುವ ಬಟ್ಟೆಯನ್ನೇ ಸರಿಪಡಿಸುವುದು

ಗಿಡ್ಡ ಎಂದು ಎಸೆಯುವ ಮುನ್ನ ಅಂಚಿನ ಮಡಿಕೆ ತಿರುವಿ ನೋಡಿ. 4 ಸೆಂ.ಮೀ. ಮಡಿಕೆಯಿದ್ದರೆ 3 ಸೆಂ.ಮೀ. ಉದ್ದ ಸಿಗುತ್ತದೆ. ಹೊಲಿಗೆ ಬಿಚ್ಚಿ, ಬಿಳಿ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ ಹಳೆಯ ಗೆರೆಯ ಮೇಲೆ ಒದ್ದೆ ಮಾಡಿ, ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಒಳಮೂಲೆಯಲ್ಲಿ ಪರೀಕ್ಷಿಸಿ. ಬಿಸಿಲಿಗೆ ಬಣ್ಣ ಮಾಸಿ ಮೂಡಿದ ಗೆರೆ ಮಾತ್ರ ಯಾವುದಕ್ಕೂ ಹೋಗುವುದಿಲ್ಲ, ಅದರ ಮೇಲೆ ಒಂದು ಪಟ್ಟಿ ಹೊಲಿಯಬೇಕು. ಸೀಳು ಎತ್ತರವಾಗಿದ್ದರೆ ಮೇಲಿನಿಂದ ಕೆಳಗೆ ಮುಚ್ಚುತ್ತಾ ಬನ್ನಿ. ಹೆಜ್ಜೆ ಹಾಕಲು ಬೇಕಾದಷ್ಟು ಬಿಟ್ಟು, ನಿಲ್ಲಿಸಿದ ಜಾಗದಲ್ಲಿ ಐದಾರು ಅಡ್ಡ ಹೊಲಿಗೆ ಹಾಕಿ. ಬಟ್ಟೆ ಹರಿಯುವುದು ಅಲ್ಲೇ.

ಬೇರೆ ಸಭೆಗೆ ಹೋಗುವಾಗ

ಎಲ್ಲ ಕ್ರೈಸ್ತರಿಗೂ ಒಂದೇ ನಿಯಮವಿಲ್ಲ. 1 ಕೊರಿಂಥ 11ರ ಆಧಾರದ ಮೇಲೆ ಬ್ರೆದರನ್ ಸಭೆಗಳಲ್ಲೂ ಹಲವು ಆರ್ಥೊಡಾಕ್ಸ್ ಸಭೆಗಳಲ್ಲೂ ಹೆಂಗಸರು ತಲೆಗೆ ಮುಸುಕು ಹಾಕುತ್ತಾರೆ. ಕಥೋಲಿಕರ 1917ರ ಧರ್ಮಸಂಹಿತೆಯಲ್ಲಿ ಆ ನಿಯಮವಿತ್ತು, 1983ರದ್ದರಲ್ಲಿ ಇಲ್ಲ. ಕೆಲವು ಪೆಂಟೆಕೋಸ್ಟಲ್ ಸಭೆಗಳು ಒಡವೆಯನ್ನೇ ತೊಡುವುದಿಲ್ಲ. ವ್ಯಾಟಿಕನ್ನಿನ ಸಂತ ಪೇತ್ರರ ಬೆಸಿಲಿಕಾದಲ್ಲಿ ಗಂಡಸರಿರಲಿ ಹೆಂಗಸರಿರಲಿ, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಗೊತ್ತಿಲ್ಲದ ಕಡೆ ಹೋಗುವುದಿದ್ದರೆ ಮುಂಚಿತವಾಗಿ ಕೇಳಿ, ಚೀಲದಲ್ಲಿ ದೊಡ್ಡದೊಂದು ಸ್ಕಾರ್ಫ್ ಇಟ್ಟುಕೊಳ್ಳಿ. ನಿಮ್ಮ ಸಭೆಯ ಪದ್ಧತಿ ಅವರದಕ್ಕಿಂತ ಬಿಗಿಯೋ ಸಡಿಲವೋ ಎಂಬ ಲೆಕ್ಕ ಬೇಡ.

ಇನ್ನೊಬ್ಬರಿಗೆ ಹೇಳುವಾಗ

ಹೊಸದಾಗಿ ಬಂದವರಿಗೆ ಬಟ್ಟೆಯ ಬಗ್ಗೆ ಏನೂ ಹೇಳಬೇಡಿ. ಬಾಗಿಲಲ್ಲಿ ಯಾರನ್ನೂ ತಡೆಯಬೇಡಿ. ವೇದಿಕೆ ಏರುವವರಿಗೆ ನಿಯಮ ಬೇಕೆಂದಿದ್ದರೆ ಗಂಡಸರಿಗೂ ಹೆಂಗಸರಿಗೂ ಸೇರಿಸಿ ಬರೆದು, ಜವಾಬ್ದಾರಿ ಒಪ್ಪಿಕೊಳ್ಳುವ ಮೊದಲೇ ಕೈಗೆ ಕೊಡಿ. ಹಾಡಿ ಇಳಿದ ಮೇಲೆ ಕರೆದು ಹೇಳಿದರೆ ಅದು ತಿದ್ದುವುದಲ್ಲ, ಅವಮಾನ. ಒಬ್ಬರಿಗೇ ಹೇಳಲೇಬೇಕಾದರೆ ಹುಡುಗಿಗೆ ಅವಳು ನಂಬುವ ಹಿರಿಯ ಹೆಂಗಸು, ಹುಡುಗನಿಗೆ ಹಿರಿಯ ಗಂಡಸು, ಏಕಾಂತದಲ್ಲಿ ಹೇಳಲಿ. ಗಂಡಸರ ಕಣ್ಣಿನ ಹೊಣೆಯನ್ನು ಹೆಂಗಸರ ಬಟ್ಟೆಯ ಮೇಲೆ ಮಾತ್ರ ಹೊರಿಸಬೇಡಿ. ಮತ್ತಾಯ 5:28-29ರಲ್ಲಿ ಯೇಸು ಮಾತಾಡುವುದು ನೋಡಿದವನ ಕಣ್ಣಿನ ಬಗ್ಗೆ.

ದೀಕ್ಷಾಸ್ನಾನದ ನಿಲುವಂಗಿ

ಮುಳುಗಿಸಿ ದೀಕ್ಷಾಸ್ನಾನ ಕೊಡುವ ಸಭೆಗಳು ಇದನ್ನು ಮರೆಯುತ್ತವೆ. ತೆಳು ಬಿಳಿ ಬಟ್ಟೆ ಒದ್ದೆಯಾದ ಕೂಡಲೇ ಪಾರದರ್ಶಕವಾಗುತ್ತದೆ. ನೀರಿಗಿಳಿಯುವಾಗ ಒಳಗೆ ಗಾಳಿ ಸಿಕ್ಕಿಕೊಂಡು ಅಂಚು ತೇಲುತ್ತದೆ. ದಪ್ಪ ಬಟ್ಟೆ ಆರಿಸಿ, ಅಂಚಿನ ಮಡಿಕೆಯೊಳಗೆ ಸುತ್ತಲೂ ಸಮದೂರದಲ್ಲಿ ಐದಾರು ಸಣ್ಣ ತೂಕದ ಗುಂಡುಗಳನ್ನಿಟ್ಟು, ಒಂದೊಂದರ ಎರಡೂ ಬದಿ ಹೊಲಿಯಿರಿ, ಇಲ್ಲದಿದ್ದರೆ ಎಲ್ಲವೂ ಜಾರಿ ಒಂದೇ ಕಡೆ ಸೇರುತ್ತವೆ. ನಿಲುವಂಗಿ ಬಿಳಿಯದಾದರೆ ಒಳಗೆ ತಿಳಿಬಣ್ಣದ, ದಟ್ಟ ಬಣ್ಣದ್ದಾದರೆ ದಟ್ಟ ಬಣ್ಣದ ಟೀ ಶರ್ಟು ಮತ್ತು ಪ್ಯಾಂಟು ಹಾಕಲು ಹಿಂದಿನ ವಾರವೇ ತಿಳಿಸಿ. ಒಂದು ನಿಲುವಂಗಿಯನ್ನು ಮೊದಲೇ ನೀರಲ್ಲಿ ಅದ್ದಿ, ಕೈ ಒಳಗಿಟ್ಟು ಬೆಳಕಿಗೆ ಹಿಡಿಯಿರಿ. ಬೆರಳು ಕಂಡರೆ ಬಟ್ಟೆ ಬದಲಿಸಿ. ಮೆಟ್ಟಿಲ ಮೇಲೆ ದೊಡ್ಡ ಟವೆಲ್ ಬಿಡಿಸಿ ಹಿಡಿದು ಒಬ್ಬರು ಕಾಯುತ್ತಿರಲಿ. ಹೆಂಗಸರು ಮೇಲೆ ಬರುವಾಗ ಅಲ್ಲಿ ನಿಲ್ಲುವವರೂ ಹೆಂಗಸರೇ ಆಗಿರಲಿ.