ನೀರು ಹೊಸ್ತಿಲು ದಾಟುವ ಮುಂಚೆ, ನೀರು ಇಳಿದ ಮೇಲೆ

ನೆರೆ ನೀರು ಮನೆಗೆ ನುಗ್ಗುವಾಗ ಯೋಚನೆ ಮಾಡಲು ಪುರುಸೊತ್ತು ಇರುವುದಿಲ್ಲ. ಅಮ್ಮನ ಮಾತ್ರೆ ಎಲ್ಲಿ, ಕನ್ನಡಕ ಎಲ್ಲಿ ಎಂದು ಹುಡುಕುತ್ತಾ ನಿಂತರೆ ಹೊರಡುವ ದಾರಿಯೇ ಮುಚ್ಚಿಹೋಗಬಹುದು. ಅದಕ್ಕೇ ನೆಲ ಒಣಗಿರುವಾಗಲೇ, ಒಂದು ಸಂಜೆ ಮನೆಯವರೆಲ್ಲ ಕೂತು ಈ ಕೆಲಸ ಮುಗಿಸಿಕೊಳ್ಳಿ.

ಮೊದಲು ಒಂದು ಚೀಲ ರೆಡಿ ಮಾಡಿ. ಬೆನ್ನಿಗೆ ಹಾಕಿಕೊಳ್ಳುವಂಥದ್ದೇ ಇರಲಿ, ಎರಡೂ ಕೈ ಖಾಲಿ ಇರಬೇಕು. ಟಾರ್ಚು, ಪವರ್ ಬ್ಯಾಂಕ್, ದಿನಾ ತೆಗೆದುಕೊಳ್ಳುವ ಮಾತ್ರೆ, ಒಂದು ಜೊತೆ ಬಟ್ಟೆ, ಒಂದು ಸೀಟಿ. ಸೀಟಿ ಯಾಕೆ ಅಂತೀರಾ? ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೂ ಅದನ್ನು ಊದಬಹುದು. ಮನೆ ಪತ್ರ, ಗುರುತಿನ ಚೀಟಿ, ವಿಮೆ ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ತೆಗೆದು, ಬಾಯಿ ಎರಡು ಸಲ ಮಡಚಿ ಬಿಗಿಯಾಗಿ ಕಟ್ಟಿ. ಮುಖ್ಯವಾದ ಫೋನ್ ನಂಬರುಗಳನ್ನು ಚೀಟಿಯಲ್ಲಿ ಬರೆದಿಡಿ. ಮೊಬೈಲ್ ಆಫ್ ಆದರೆ ನಮಗೆ ಯಾರ ನಂಬರೂ ನೆನಪಿರುವುದಿಲ್ಲ, ಅಲ್ವಾ? ಕುಡಿಯುವ ನೀರನ್ನು ತಲೆಗೆ ದಿನಕ್ಕೆ 4 ಲೀಟರ್‌ನಂತೆ ಕನಿಷ್ಠ 3 ದಿನಕ್ಕಾಗುವಷ್ಟು ಎತ್ತರದ ಜಾಗದಲ್ಲಿ ತುಂಬಿಡಿ.

ಆಮೇಲೆ ಮೇನ್ ಸ್ವಿಚ್. ಮನೆಯ ದೊಡ್ಡವರಿಗೆಲ್ಲ ಸುಮ್ನೆ ತೋರಿಸಿದರೆ ಸಾಲದು, ಅವರ ಕೈಯಿಂದಲೇ ಒಮ್ಮೆ ಆಫ್ ಮಾಡಿಸಿ. ನೀರು ಒಳಗೆ ಬರುವ ಮುಂಚೆಯೇ ಅದು ಆಫ್ ಆಗಬೇಕು. ಕಾಲ ಕೆಳಗೆ ಆಗಲೇ ನೀರು ನಿಂತಿದ್ದರೆ ಮುಟ್ಟಲೇಬೇಡಿ. ಗ್ಯಾಸನ್ನೂ ಬಂದ್ ಮಾಡಿ.

ಹೊರಡಿ ಎಂಬ ಸೂಚನೆ ಬಂದರೆ ಹೊರಟುಬಿಡಿ. ‘ಇನ್ನೊಂದು ಗಂಟೆ ನೋಡೋಣ’ ಅನ್ನಬೇಡಿ, ದಯವಿಟ್ಟು. ರಭಸವಾಗಿ ಹರಿಯುವ ನೀರು 15 ಸೆಂ.ಮೀ. ಇದ್ದರೂ ಸಾಕು, ಗಟ್ಟಿಮುಟ್ಟಾದವರನ್ನೂ ಕೆಡವುತ್ತದೆ. 60 ಸೆಂ.ಮೀ. ಇದ್ದರೆ ಹೆಚ್ಚಿನ ಕಾರುಗಳು ತೇಲಿಹೋಗುತ್ತವೆ. ಆ ಕೆಸರು ನೀರಿನ ಅಡಿಯಲ್ಲಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಯಾರಿಗೂ ಕಾಣುವುದಿಲ್ಲ.

ನೀರು ಇಳಿಯಿತು ಎಂದ ತಕ್ಷಣ ಒಳಗೆ ಓಡಬೇಡಿ. ಗೋಡೆ ಬಿರುಕು ಬಿಟ್ಟಿದೆಯೇ, ಚಾವಣಿ ಜೋತುಬಿದ್ದಿದೆಯೇ ಎಂದು ಹೊರಗಿನಿಂದಲೇ ನೋಡಿ. ಗ್ಯಾಸ್ ವಾಸನೆ ಬಂದರೆ ದೂರ ಸರಿಯಿರಿ. ಎಲೆಕ್ಟ್ರಿಷಿಯನ್ ನೋಡಿ ಸರಿ ಅನ್ನುವವರೆಗೆ ಕರೆಂಟ್ ಹಾಕಬೇಡಿ. ಗುಡಿಸುವ ಮುಂಚೆ ಎಲ್ಲದರ ಫೋಟೊ ತೆಗೆಯಿರಿ, ಗೋಡೆ ಮೇಲಿನ ನೀರಿನ ಗುರುತಿನದ್ದೂ ಸೇರಿ. ವಿಮೆ, ಪರಿಹಾರ ಕೇಳುವಾಗ ಬೇಕಾಗುತ್ತದೆ.

ಗಟ್ಟಿ ಬೂಟು, ಗ್ಲೌಸ್ ಹಾಕಿಕೊಂಡೇ ಕೆಲಸಕ್ಕೆ ಇಳಿಯಿರಿ. ಕೆಸರು ಹಸಿಯಾಗಿರುವಾಗಲೇ ಎತ್ತಿ ಹಾಕಿ, ಒಣಗಿದರೆ ಕಲ್ಲಿನಂತಾಗುತ್ತದೆ. ಕಿಟಕಿ ಬಾಗಿಲು ತೆರೆದಿಡಿ. 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ನೆನೆದ ಹಾಸಿಗೆ, ದಿಂಬು ಬಿಸಾಡುವುದೇ ವಾಸಿ. ನೆರೆ ನೀರು ತಾಗಿದ ಆಹಾರವನ್ನು ಚೆನ್ನಾಗಿ ಕಂಡರೂ ತಿನ್ನಬೇಡಿ. ಬ್ಲೀಚ್ ಬಳಸುವಾಗ ಅದಕ್ಕೆ ಆ್ಯಸಿಡ್ ಅಥವಾ ಬೇರೆ ಕ್ಲೀನರ್ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಜನರೇಟರನ್ನು ಮನೆಯೊಳಗೆ ಓಡಿಸಲೇಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳದೇ ಹೋಗಬಹುದು.

ಇನ್ನು ನೆನೆದ ಫೋಟೊಗಳು. ಒಂದಕ್ಕೊಂದು ಅಂಟಿದ್ದರೆ ಕಿತ್ತು ಬಿಡಿಸಬೇಡಿ, ಮುಖಗಳೇ ಎದ್ದು ಬರುತ್ತವೆ. ತಣ್ಣನೆಯ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ, ತಾವಾಗಿ ಬಿಡುವವರೆಗೆ ಕಾಯಿರಿ. ನಂತರ ಚಿತ್ರ ಮೇಲೆ ಬರುವಂತೆ ನೆರಳಿನಲ್ಲಿ ಹರವಿ. ಒಂದೇ ದಿನದಲ್ಲಿ ಎಲ್ಲ ಮಾಡಲು ಆಗದಿದ್ದರೆ ಉಳಿದದ್ದನ್ನು ಕವರಿಗೆ ಹಾಕಿ ಫ್ರೀಜರಿನಲ್ಲಿಡಿ. ಮನೆ ಒಂದು ಹದಕ್ಕೆ ಬಂದ ಮೇಲೆ ನಿಧಾನವಾಗಿ ಬಿಡಿಸಬಹುದು.